ನಡುವಿನ ಬಣ್ಣ

ಆ ದಿನ ಬೆಳಿಗ್ಗೆ ನಾನು ಬಿಳಿ ಬಟ್ಟೆಗಳಿಗೆ ನೀಲಿ ಹಾಕುತ್ತಿದ್ದೆ. ನಮ್ಮವರ ಎರಡು ಪಂಚೆ, ದಿಂಬಿನ ಚೀಲಗಳು, ಸೋಪು ಹಚ್ಚಿ ಇನ್ನೂ ಜಾಲಿಸದ ಒಂದು ಅಗಲವಾದ ಹಾಸುಬಟ್ಟೆ. ಬಕೆಟ್ಟಿನ ಪಕ್ಕದಲ್ಲಿ ಲಾಟೀನು ಇಟ್ಟುಕೊಂಡಿದ್ದೆ. ನಮ್ಮೂರಿನಲ್ಲಿ ಬೆಳಗಿನ ಅರ್ಧ ಕೆಲಸ ಲಾಟೀನಿನ ಬೆಳಕಿನಲ್ಲೇ ಆಗಬೇಕು. ಎರಡನೆಯ ಪಂಚೆ ಹಿಂಡಿ ಕೊಡವುವಷ್ಟರಲ್ಲಿ, ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬೆಳಗಾಯಿತು. ಬತ್ತಿ ಇಳಿಸಿ ಹಾಸುಬಟ್ಟೆಗೆಂದು ಕೈ ಚಾಚಿದರೆ ಅದು ಕಲ್ಲಿನ ಮೇಲೆ ಇರಲಿಲ್ಲ.

ಹೊನ್ನಿ ಅದನ್ನು ಹಿತ್ತಿಲ ಚಪ್ಪಡಿಯ ಮೇಲೆ ಹರಡಿಕೊಂಡು ಮಂಡಿಯೂರಿ ಕೂತಿದ್ದಳು. ಒಂದು ಕೈ ಹಳದಿ, ಇನ್ನೊಂದು ಕೈ ನೀಲಿ. ಬಟ್ಟೆಯ ಕೆಳಭಾಗಕ್ಕೆ ಅರಿಶಿನದಲ್ಲಿ ಕುಂಕುಮ ಕಲಸಿ ಕಿತ್ತಳೆ ಬಣ್ಣ ಬಳಿದಿದ್ದಳು. ಮೇಲ್ಭಾಗಕ್ಕೆ ನನ್ನ ಬಕೆಟ್ಟಿನ ನೀಲಿ. ಒದ್ದೆ ಬಟ್ಟೆಯಲ್ಲಿ ಎರಡೂ ಒಂದರ ಕಡೆಗೊಂದು ಹರಿಯುತ್ತಿದ್ದವು. ಕೆಳಗಿನ ಎಡಮೂಲೆಯಲ್ಲಿ ನಮ್ಮವರು ರಿಪೇರಿಗೆ ತಂದಿಟ್ಟಿದ್ದ ಲಾಟೀನಿನ ಗಾಜಿನ ಮಸಿ ತೆಗೆದು ಒಂದು ಕಪ್ಪು ಉಬ್ಬು ಮಾಡಿದ್ದಳು, ಸಣ್ಣ ಗುಡ್ಡದ ಹಾಗೆ.

“ಇದೇನೇ ಹೊನ್ನಿ?”

“ಆಕಾಶ.”

“ಆಕಾಶ ಹೀಗಿರುತ್ತಾ ಕಂದ? ಒಂದೋ ನೀಲಿ ಇರುತ್ತೆ, ಇಲ್ಲಾ ಕಪ್ಪಗಿರುತ್ತೆ.”

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ಜಡೆಯ ತುದಿಯನ್ನು ಬಾಯಿಗಿಟ್ಟುಕೊಂಡಳು. ಅದು ನನಗೆ ಗೊತ್ತಿದ್ದ ಗುರುತು. ಎಂಟು ವರ್ಷದ ಆ ಹುಡುಗಿಯ ಬಾಯಲ್ಲಿ ಒಂದು ಪ್ರಶ್ನೆ ಬಹಳ ದಿನದಿಂದ ಇತ್ತು. ಅದು ಹೊರಗೆ ಬರುವ ಹೊತ್ತಿಗೆಲ್ಲ ಜಡೆ ಅಡ್ಡ ಬರುತ್ತಿತ್ತು. ನಾನು ಬೈಯಲಿಲ್ಲ. ಕೈ ತೊಳೆಸಿ, ಹಾಸುಬಟ್ಟೆಯನ್ನು ಹಾಗೇ ತಂತಿಯ ಮೇಲೆ ಒಣಹಾಕಿ ರೊಟ್ಟಿ ತಟ್ಟಲು ಒಳಗೆ ಹೋದೆ.

ನಮ್ಮೂರಿನಲ್ಲಿ ಕತ್ತಲೆಯೂ ಬೆಳಕಿನ ಹಾಗೇ, ಒಂದೇ ಏಟಿಗೆ ಬರುತ್ತದೆ. ಅದಕ್ಕೇ ಮರಿಸ್ವಾಮಯ್ಯನ ಗಂಟೆ ಇದೆ. ಮೊದಲನೆಯ ಗಂಟೆಗೆ ಉಯ್ಯಾಲೆಯ ಮೇಲಿನ ಮಕ್ಕಳು ಇಳಿಯುತ್ತಾರೆ, ಗಾರೆಯವರು ಏಣಿಯಿಂದ ಇಳಿಯುತ್ತಾರೆ. ಎರಡನೆಯದಕ್ಕೆ ಕ್ಷೌರದವನು ಕತ್ತಿ ಎತ್ತಿಬಿಡುತ್ತಾನೆ, ಗಿರಾಕಿಯ ಅರ್ಧ ಗಡ್ಡ ಉಳಿದಿದ್ದರೂ ಸರಿ. ಮೂರನೆಯದಕ್ಕೆ ಎಲ್ಲರ ಕೈಯಲ್ಲೂ ಹೊತ್ತಿಸಿದ ದೀಪ ಇರಬೇಕು. ನಲವತ್ತು ವರ್ಷದಲ್ಲಿ ಮರಿಸ್ವಾಮಯ್ಯ ಒಂದೇ ಸಲ ತಪ್ಪಿದ್ದು, ಸೀನು ಬಂದಿತ್ತಂತೆ. ಆ ದಿನ ಹೋಳಿಗೆ ಬೇಯಿಸುತ್ತಿದ್ದವರೆಲ್ಲ ಈಗಲೂ ಅವನಿಗೆ ಅದನ್ನು ನೆನಪಿಸುತ್ತಾರೆ. ಹೊರಗೆ ಹೋಗಿ ಬಂದವರು ಕೆಲವರು, ‘ಅಲ್ಲಿ ಕತ್ತಲೆ ನಿಧಾನ’ ಎನ್ನುತ್ತಾರೆ. ಎಷ್ಟು ನಿಧಾನ, ಹೇಗೆ ನಿಧಾನ ಎಂದು ಕೇಳಿದರೆ ಕೈ ಆಡಿಸಿ ಸುಮ್ಮನಾಗುತ್ತಾರೆ. ಹಾಡುಗಳಲ್ಲಿ ಬರುವ ಮುಸ್ಸಂಜೆ ಯಾರೋ ಹೆಂಗಸಿರಬೇಕೆಂದೇ ನಾನು ಮದುವೆಯಾಗುವವರೆಗೂ ತಿಳಿದಿದ್ದೆ.

ಮಧ್ಯಾಹ್ನ ದೇವೀರಕ್ಕ ಬಂದಳು. ಊರಿನ ಒಂದೇ ಒಂದು ಪ್ರೆಸ್ಸು ಅವಳದು. ಗಂಡ ಹೋದ ಮೇಲೆ ಇಪ್ಪತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಪ್ರೆಸ್ಸಿಗೆ ವಾರಕ್ಕೊಮ್ಮೆ ಮೈದಾ ಅಂಟು ಕಾಯಿಸಿ ಕೊಡುವುದು ನನ್ನ ಕೆಲಸ. ಅದನ್ನು ಒಯ್ಯಲು ಬಂದವಳು ಹಿತ್ತಿಲಲ್ಲಿ ನಿಂತುಬಿಟ್ಟಳು.

“ಚೆನ್ನಾಜಿ, ಇದ್ಯಾರು ಮಾಡಿದ್ದು?”

“ಇನ್ಯಾರು ಕಣಕ್ಕ, ನಮ್ಮ ಹೊನ್ನಿ. ಹಾಸುಬಟ್ಟೆ ಹಾಳು ಮಾಡಿ ಕೂತವ್ಳೆ.”

“ಹಾಳಾ? ಈ ವರ್ಷದ ಕ್ಯಾಲೆಂಡರಿಗೆ ಇದೇ ಚಿತ್ರ ಹಾಕ್ತೀನಿ. ಗಿಳಿ, ತಾವರೆ ಹಾಕಿ ಹಾಕಿ ಸಾಕಾಗಿದೆ.” ಆಮೇಲೆ ಹೊನ್ನಿಯ ಕಡೆ ತಿರುಗಿ, “ಏನವ್ವಾ, ಕೊಡ್ತೀಯಾ?” ಎಂದಳು.

ಹೊನ್ನಿ ತಲೆಯಾಡಿಸಿದಳು. ಜಡೆ ಬಾಯಲ್ಲೇ ಇತ್ತು.

ನಮ್ಮೂರಿನ ಪ್ರತಿ ಮನೆಯಲ್ಲೂ ದೇವೀರಕ್ಕನ ಕ್ಯಾಲೆಂಡರು ನೇತಾಡುತ್ತದೆ. ಅವಳ ಅಚ್ಚು ಎಂದರೆ ಅಷ್ಟು ಚೊಕ್ಕ. ಗಿಳಿಯ ಹಸಿರು ಮುಗಿಯುವ ಕಡೆ ಕೊಕ್ಕಿನ ಕೆಂಪು ಶುರುವಾಗುತ್ತದೆ, ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಆ ಅಂಚಿನಲ್ಲಿ ಕೈ ಕುಯ್ದುಕೊಳ್ಳಬಹುದು ಎಂದು ಮರಿಸ್ವಾಮಯ್ಯ ಹೇಳುತ್ತಿರುತ್ತಾನೆ. ಯಂತ್ರ ಓಡುವ ಸದ್ದಿನಲ್ಲೇ ಶಾಯಿ ಹೆಚ್ಚಾಯಿತೋ ಕಡಿಮೆಯಾಯಿತೋ ಅವಳಿಗೆ ಗೊತ್ತಾಗುತ್ತದೆ. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ನಾನು ಕುದಿಯ ವಾಸನೆಯಲ್ಲಿ ಹೇಳುತ್ತೇನಲ್ಲ, ಹಾಗೆ.

ಆದರೂ ಮೊದಲ ಪ್ರತಿ ತಂದ ದಿನ ಅವಳೇ ತಪ್ಪಿದ್ದಳು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಏಕೆಂದರೆ ಅದು ತಪ್ಪೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಬಣ್ಣ ಹರಿದದ್ದನ್ನು ಮಗುವಿನ ಕೈತಪ್ಪು ಎಂದು ತಿಳಿದು, ಪಾಪ, ಎರಡು ದಿನ ಕೂತು ತಿದ್ದಿದ್ದಳು. ಕೆಳಗೆ ಕಿತ್ತಳೆ, ಮೇಲೆ ನೀಲಿ, ನಡುವೆ ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಮೂಲೆಯ ಮಸಿಯನ್ನೂ ಕಲೆ ಎಂದು ಒರೆಸಿ ತೆಗೆದಿದ್ದಳು. ನಮ್ಮವರು ಲಾಟೀನು ರಿಪೇರಿ ಬಿಟ್ಟು ಎದ್ದು ಬಂದು, “ಎಷ್ಟು ಚೊಕ್ಕ!” ಎಂದರು. ನಾನೂ ಹಾಗೇ ಅಂದೆ.

ಹೊನ್ನಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಇದಲ್ಲ,” ಎಂದಳು.

“ಯಾಕವ್ವಾ? ಬಣ್ಣ ಬೇರೆ ಆಯ್ತಾ?”

“ಗೆರೆ ಇಲ್ಲ ಅಲ್ಲಿ. ಇದು ಹೋಗ್ತಾ ಹೋಗ್ತಾ ಅದಾಗುತ್ತೆ. ಯಾವಾಗ ಆಯ್ತು ಅಂತ ಗೊತ್ತೇ ಆಗಲ್ಲ.” ಆಮೇಲೆ ಮೂಲೆಗೆ ಬೆರಳಿಟ್ಟು, “ಇಲ್ಲಿ ಕಪ್ಪಗಿತ್ತಲ್ಲ, ಅದೂ ಬೇಕು,” ಎಂದಳು.

“ಗುಡ್ಡ ಬೇಕಾ? ಹಾಕೋಣ ಬಿಡು,” ಎಂದಳು ದೇವೀರಕ್ಕ. ಮಗುವಿನ ಮಾತಿಗೆ ಇನ್ನೊಬ್ಬರಾಗಿದ್ದರೆ ನಕ್ಕುಬಿಡುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು, “ಎಲ್ಲಿ, ಇನ್ನೊಂದು ಸಲ ಹೇಳು. ಹೋಗ್ತಾ ಹೋಗ್ತಾ ಅಂದ್ಯಲ್ಲ, ಮಾವಿನಹಣ್ಣು ಹಸಿರಿಂದ ಕೆಂಪಾಗಿರುತ್ತಲ್ಲ, ಹಾಗಾ?” ಎಂದು ಕೇಳಿದಳು.

“ಹ್ಞೂಂ. ಹಾಗೇ.”

ಬಾಗಿಲವರೆಗೆ ಕಳಿಸಲು ಹೋದಾಗ ದೇವೀರಕ್ಕ ದನಿ ತಗ್ಗಿಸಿದಳು. “ಚೆನ್ನಾಜಿ, ಇವಳು ಮನಸ್ಸಿಂದ ಕಟ್ಟಿದ್ದಲ್ಲ ಕಣೆ ಇದು. ಕಂಡಿರೋದು. ಇಲ್ಲಿ ಕಂಡಿಲ್ಲ ಅಂದ್ಮೇಲೆ...” ನನಗೂ ಆ ಹಾಸುಬಟ್ಟೆ ಕಂಡ ದಿನವೇ ಗೊತ್ತಾಗಿತ್ತು.

ಹೊನ್ನಿ ನಾನು ಹೆತ್ತ ಮಗಳಲ್ಲ. ಹೊರಗಿನ ಬಸ್ಸು ನಮ್ಮೂರಿಗೆ ಮಧ್ಯಾಹ್ನ ಬಂದು ಮಧ್ಯಾಹ್ನವೇ ಹೋಗುತ್ತದೆ. ಐದು ವರ್ಷದ ಹಿಂದೆ ಒಂದು ದಿನ ಅದರಿಂದ, ಜ್ವರದಲ್ಲಿ ಬೇಯುತ್ತಿದ್ದ ಒಬ್ಬ ಹೆಂಗಸು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಇಳಿದಳು. ಅವಳನ್ನು ನಮ್ಮೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಆಗ ಅಲ್ಲಿಯ ರೋಗಿಗಳಿಗೆ ಗಂಜಿ ಮಾಡಿ ಒಯ್ಯುತ್ತಿದ್ದೆ. ಅವಳ ಪಕ್ಕದಲ್ಲಿ ಕೂತಿದ್ದಾಗಲೇ ಆ ದಿನದ ಮೂರನೆಯ ಗಂಟೆ ಬಾರಿಸಿತು, ಕಿಟಕಿ ಕಪ್ಪಾಯಿತು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, “ಅಯ್ಯೋ, ಇಷ್ಟು ಬೇಗ?” ಎಂದಳು. “ಇಲ್ಲಿ ಹೀಗೇ ಕಣಮ್ಮ,” ಎಂದೆ. “ಮಗು ಹೆದರ್ಕೊಳುತ್ತೆ.” “ನಾನಿದೀನಿ,” ಎಂದೆ. ಅಷ್ಟೇ ನಮ್ಮ ಮಾತು. ಹೆಸರು ನಾಳೆ ಕೇಳಿದರಾಯಿತು ಅಂದುಕೊಂಡಿದ್ದೆ. ಮರುದಿನ ಅವಳಿಗೆ ಮಾತು ಹೊರಡಲಿಲ್ಲ. ಎರಡನೆಯ ಕತ್ತಲೆಯನ್ನು ಅವಳು ನೋಡಲಿಲ್ಲ. ಅವಳ ಕಂದು ಸೀರೆ ನನ್ನ ಪೆಟ್ಟಿಗೆಯ ತಳದಲ್ಲಿದೆ. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕುತ್ತೇನೆ, ಹೊನ್ನಿ ಶಾಲೆಗೆ ಹೋದಾಗ.

ಊರಿಗೆ ಊರೇ ಇದನ್ನು ಬಲ್ಲದು. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಮರಿಸ್ವಾಮಯ್ಯ ಕೂಡ. ಮಕ್ಕಳಿಲ್ಲದ ನನ್ನ ಮಡಿಲಿಗೆ ಬಂದ ಮಗುವನ್ನು ಯಾರೂ ಮಾತಿನಲ್ಲಿ ಕೂಡ ಕದಲಿಸಲಿಲ್ಲ. “ಅವಳಾಗಿ ಕೇಳಿದ ದಿನ ಹೇಳೋಣ,” ಎಂದಿದ್ದರು ನಮ್ಮವರು. ನಾನು ಹ್ಞೂಂ ಎಂದಿದ್ದೆ. ಆದರೆ ನಿಜ ಹೇಳುತ್ತೇನೆ, ಕೇಳದೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವಳ ನೆನಪಿನಲ್ಲಿ ನನಗಿಂತ ಮುಂಚೆ ಏನೂ ಇಲ್ಲ ಎಂದು ನಂಬಿಕೊಂಡಿದ್ದೆ. ಈಗ ನೋಡಿದರೆ ಅಲ್ಲೊಂದು ಇಡೀ ಆಕಾಶ ಇತ್ತು.

ಅಂಟು ಕೊಡುವ ನೆಪದಲ್ಲಿ ನಾನು ಪ್ರೆಸ್ಸಿಗೆ ಹೋಗಿ ಹೋಗಿ ಬರತೊಡಗಿದೆ. ಹೊನ್ನಿ ಶಾಲೆ ಬಿಟ್ಟವಳೇ ಅಲ್ಲಿಗೇ ಬರುತ್ತಿದ್ದಳು. ದೇವೀರಕ್ಕ ಕಂಪ್ಯೂಟರಿನ ಮುಂದೆ ಕೂತು ಕೆಳಗಿಂದ ಮೇಲಕ್ಕೆ ಕಿತ್ತಳೆಯನ್ನು ನೀಲಿಗೆ ಒಯ್ಯುವುದನ್ನು ಕಲಿಯುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಬೆರಳಿನ ಸಂದಿಯಲ್ಲಿ ಎಂದೂ ಹೋಗದ ಶಾಯಿ. ಪರದೆಯ ಮೇಲೆ ಅದು ಬಹಳ ಚೆನ್ನಾಗಿ ಬಂತು. ಹೊನ್ನಿ ಕೂಡ ಮುಂದಕ್ಕೆ ಬಾಗಿ ನೋಡಿದಳು. ಆದರೆ ಕಾಗದದ ಮೇಲೆ ಬಂದದ್ದು ತೊಳೆದು ತೊಳೆದು ಹಳತಾದ ರವಿಕೆಯ ಬಣ್ಣ.

“ಪರದೆಗೆ ಒಳಗೇ ದೀಪ ಇದೆ ಕಣೆ,” ಎಂದಳು ದೇವೀರಕ್ಕ. “ಪಾಪದ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನೇ ನಂಬಿಕೊಂಡಿರಬೇಕು. ಇನ್ಮೇಲೆ ಪರದೆ ನೋಡಿ ಖುಷಿ ಪಡೋ ಹಾಗಿಲ್ಲ. ಕಾಗದ ಏನು ಕೊಡುತ್ತೋ ಅದನ್ನೇ ಕೇಳೋಣ.”

ಕಾಗದ ಬದಲಾಯಿಸಿದಳು. ಮೊದಲಿನದು ಶಾಯಿಯನ್ನು ಬ್ರೆಡ್ಡು ಹಾಲು ಕುಡಿದ ಹಾಗೆ ಕುಡಿಯುತ್ತಿತ್ತು. ಹೊಸದು ನುಣುಪಾಗಿ ಶಾಯಿಯನ್ನು ಮೇಲೇ ಹಿಡಿದುಕೊಂಡಿತು. ಬಣ್ಣವೇನೋ ಎದ್ದಿತು, ಆದರೆ ಈ ಸಲ ಬಣ್ಣಗಳು ಪಟ್ಟೆ ಪಟ್ಟೆಯಾಗಿ, ಒಂದರ ಮೇಲೊಂದು ಮೆಟ್ಟಿಲಿಟ್ಟ ಹಾಗೆ ಕೂತವು. ಕ್ಯಾಲೆಂಡರು ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದಿದ್ದ ಮರಿಸ್ವಾಮಯ್ಯ ಹಾಳೆಯನ್ನು ದೂರ ಹಿಡಿದು ನೋಡಿದ.

“ಚೆನ್ನಾಗೈತಲ್ಲ ದೇವೀರಮ್ಮ. ನನ್ನ ಗಂಟೆ ಗೋಪುರಕ್ಕೆ ಹತ್ತೋಕೆ ಮೆಟ್ಲು ಸವೆದವೆ, ಇದನ್ನೇ ಹಾಕಿಬಿಡು.”

“ನೀನು ಸೀನದೇ ಹತ್ತು ಮರಿಸ್ವಾಮಯ್ಯ, ಮೆಟ್ಲು ಏನೂ ಆಗಲ್ಲ.”

“ಯುಗಾದಿಗೆ ಇನ್ನು ಹದಿನೈದೇ ದಿನ. ಗಿಳಿ ಹಾಕವ್ವಾ ಸಾಕು. ಜನ ಕಣ್ಣು ತಿಕ್ಕೊಂಡು ನೋಡೋ ಚಿತ್ರ ಯಾಕೆ?”

“ಜನ ಒಂದು ವರ್ಷ ಕಣ್ಣು ತಿಕ್ಕೊಳ್ಳಲಿ ಬಿಡು. ನಿದ್ದೆಗಣ್ಣಾದ್ರೂ ಬಿಡುತ್ತೆ.”

ಆ ಪಟ್ಟೆಗಳನ್ನು ಅಳಿಸಲು ಅವಳು ಪಟ್ಟ ಪಾಡು ನಾನು ನೋಡಿದ್ದೇನೆ. ಭೂತಗನ್ನಡಿ ಕಣ್ಣಿಗಿಟ್ಟು ನನಗೂ ತೋರಿಸಿದಳು: ಅಷ್ಟಗಲದ ಕಿತ್ತಳೆ ಎನ್ನುವುದು ಕಿತ್ತಳೆಯೇ ಅಲ್ಲ, ಹಳದಿ ಚುಕ್ಕಿ ಮತ್ತು ರಾಣಿ ಪಿಂಕ್ ಚುಕ್ಕಿ, ಅಕ್ಕಿಯಲ್ಲಿ ರಾಗಿ ಬೆರೆತ ಹಾಗೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಚುಕ್ಕಿಗಳ ಗಾತ್ರ ಒಮ್ಮೆಲೇ ಬದಲಾಗುವುದರಿಂದ ಪಟ್ಟೆ ಕಾಣುತ್ತದೆ. ಅವಳು ಕಂಪ್ಯೂಟರಿನಲ್ಲೇ ಇಡೀ ಚಿತ್ರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುಮರಳಾದ ಕಾಳು ಉದುರಿಸಿದಳು, ಜರಡಿ ಹಿಡಿದು ಹಿಟ್ಟು ಉದುರಿಸುವ ಹಾಗೆ. ಮೆಟ್ಟಿಲುಗಳ ಅಂಚು ಕರಗಿದವು. ಸ್ವಲ್ಪ ಗಲೀಜು ಮಾಡಿದ್ದರಿಂದಲೇ ನುಣುಪಾಯಿತು ಎಂದು ನಾನು ಬೆರಗಾದೆ. ಇಪ್ಪತ್ತು ವರ್ಷ ಚೊಕ್ಕ ಅಂಚಿಗೆ ಹೆಸರಾದವಳು, ಒಂದು ಮಗು ‘ಇದಲ್ಲ’ ಎಂದದ್ದಕ್ಕೆ ತನ್ನ ಕೈಯ ಅಭ್ಯಾಸವನ್ನೇ ಬಿಚ್ಚಿ ಇಟ್ಟಿದ್ದಳು. ನನ್ನಿಂದ ಆಗುತ್ತಿತ್ತೇ ಎಂದು ಪಾತ್ರೆ ತಿಕ್ಕುವಾಗ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಅಷ್ಟಾದರೂ ಆ ಪ್ರತಿಯೂ ಸೋತಿತು. ಗೆರೆ ಇಲ್ಲ, ಪಟ್ಟೆ ಇಲ್ಲ, ಮೂಲೆಯಲ್ಲಿ ಗುಡ್ಡವೂ ಇದೆ. ಆದರೆ ಕಿತ್ತಳೆ ನೀಲಿಯನ್ನು ಮುಟ್ಟುವ ಜಾಗದಲ್ಲಿ, ಸರಿಯಾಗಿ ನಟ್ಟನಡುವೆ, ಪಾತ್ರೆ ತೊಳೆದ ನೀರಿನಂಥ ಬೂದು ರಾಡಿ.

ಹೊನ್ನಿ, “ಇದಲ್ಲ,” ಎಂದಳು. ಈ ಸಲ ಮೆಲ್ಲಗೆ, ದೇವೀರಕ್ಕನಿಗೆ ಬೇಜಾರಾದೀತೆಂದು.

“ನಡುವೆ ಯಾವ ಬಣ್ಣ ಇತ್ತವ್ವಾ? ನೆನಪು ಮಾಡ್ಕೊ.”

“ಬಣ್ಣದ ಹೆಸರು ಗೊತ್ತಿಲ್ಲ.”

“ಯಾವುದರ ಹಾಗಿತ್ತು?”

ಹೊನ್ನಿ ಸುತ್ತ ನೋಡಿದಳು. ಗೋಡೆ, ಶಾಯಿಯ ಡಬ್ಬಿ, ನನ್ನ ಸೀರೆ, ಗಿಳಿಗಳ ಹಳೆಯ ಕ್ಯಾಲೆಂಡರುಗಳು. “ಇಲ್ಲಿ ಇಲ್ಲ ಅದು,” ಎಂದಳು.

ದೇವೀರಕ್ಕ ಆಮೇಲೆ ಅಂಗಳದಲ್ಲಿ ನನ್ನನ್ನು ನಿಲ್ಲಿಸಿಕೊಂಡಳು. “ನೋಡು ಚೆನ್ನಾಜಿ. ಇದು ಸರಿ ಬಂದ ದಿನ ಹುಡುಗಿ ಕೇಳ್ತಾಳೆ. ನಿಂಗೂ ಗೊತ್ತು, ನಂಗೂ ಗೊತ್ತು. ನೀನು ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ಗಿಳಿ ಹಾಕ್ತೀನಿ, ಯಾರೂ ಏನೂ ಅನ್ನಲ್ಲ.”

“ನೀನು ನಿಲ್ಲಿಸ್ತೀಯಾ ಅಕ್ಕ? ಇಷ್ಟು ಮಾಡಿ?”

“ನಿಲ್ಲಿಸ್ತೀನಿ. ನಿನಗಿಂತ ಅಚ್ಚು ದೊಡ್ಡದಲ್ಲ.”

ಮೊದಲನೆಯ ಗಂಟೆ ಬಾರಿಸಿತು. ಅದೇ ನೆಪವಾಗಿ ಮನೆಗೆ ಬಂದೆ.

ಮರುದಿನ ಹೊಸಿಲಿಗೆ ಅರಿಶಿನ ಹಚ್ಚಿ ಕೈ ಒರೆಸಿದ್ದ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಸೋಪು ತಿಕ್ಕಿದೆ. ತಿಕ್ಕಿದ ಕಡೆ ಹಳದಿ ಕೆಂಪಾಯಿತು. ಯಾವ ಹೆಂಗಸಿಗೆ ಗೊತ್ತಿಲ್ಲ ಇದು? ಅರಿಶಿನಕ್ಕೆ ಸೋಪು ಸೋಕಿದರೆ ಕೆಂಪು ತಿರುಗುತ್ತದೆ, ಜಾಲಿಸಿದರೆ ಮತ್ತೆ ಹಳದಿ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆದರೆ ಆ ದಿನ ನನ್ನ ಕೈ ನಿಂತಿತು. ಹಾಸುಬಟ್ಟೆ ಕೂಡ ಸೋಪು ಹಚ್ಚಿದ್ದಾಗಿತ್ತು. ಹೊನ್ನಿ ಬಳಿದ ಅರಿಶಿನ ನೀಲಿಯ ಕಡೆಗೆ ಹರಿಯುವಾಗ, ನಡುವೆ, ಒದ್ದೆಯಾಗಿದ್ದಷ್ಟು ಹೊತ್ತು, ಒಂದು ಗುಲಾಬಿ ಕೆಂಪು ಎದ್ದು ಬಂದಿತ್ತು. ನಾನು ಅದನ್ನು ನೋಡಿದ್ದೆ. ದೊಡ್ಡವರಲ್ಲಿ ನಾನೊಬ್ಬಳೇ ನೋಡಿದ್ದೆ. ಮಧ್ಯಾಹ್ನ ದೇವೀರಕ್ಕ ಬರುವ ಹೊತ್ತಿಗೆ ಬಟ್ಟೆ ಒಣಗಿ ಅದು ಮಾಸಿಹೋಗಿತ್ತು. ಹೊನ್ನಿ ಆ ಬಣ್ಣ ಹುಡುಕುತ್ತಲೇ ಅರಿಶಿನ ಬಳಿದಿದ್ದಳೋ, ಆ ಬಣ್ಣ ಎದ್ದದ್ದನ್ನು ಕಂಡೇ ‘ಆಕಾಶ’ ಎಂದಿದ್ದಳೋ, ತಿಳಿಯದು.

ನಾನು ಆ ಬಟ್ಟೆಯನ್ನು ಬೇಗ ಬೇಗ ನೀರಿಗೆ ಅದ್ದಿಬಿಟ್ಟೆ. ಎರಡು ಸಲ, ಮೂರು ಸಲ. ಕೆಂಪು ಹೋಯಿತು.

ಮೂರು ದಿನ ಯಾರಿಗೂ ಹೇಳಲಿಲ್ಲ. ಮೂರು ದಿನವೂ ನಾನು ಮಾಡಿದ ಅಡುಗೆ ಸರಿಹೋಗಲಿಲ್ಲ. “ಹುಳಿ ಯಾಕೋ ಹುಳೀನೇ ಇಲ್ಲ,” ಎಂದರು ನಮ್ಮವರು. ಇನ್ನೊಂದು ಸೌಟು ಬಡಿಸಿದೆ. ಹೊನ್ನಿ ನನ್ನ ಪಕ್ಕ ಕೂತು ಊಟ ಮಾಡುತ್ತಾ ಎಂದಿನ ಹಾಗೆ ನನ್ನ ಮೊಣಕೈಗೆ ತನ್ನ ಮೊಣಕೈ ತಾಗಿಸಿಕೊಂಡಿದ್ದಳು. ಇಷ್ಟು ಸಾಕಲ್ಲ, ಇನ್ನೇನು ಬೇಕು ಇವಳಿಗೆ, ಎಂದುಕೊಂಡೆ. ಇನ್ನೇನು ಬೇಕು ನನಗೆ, ಎಂದೂ ಅಂದುಕೊಂಡೆ.

ನಾಲ್ಕನೆಯ ದಿನ ಪ್ರೆಸ್ಸಿನಲ್ಲಿ ದೇವೀರಕ್ಕ ಮತ್ತೊಂದು ಪ್ರತಿ ತೆಗೆದಿದ್ದಳು. ರಾಡಿ ಸ್ವಲ್ಪ ತಿಳಿಯಾಗಿತ್ತು, ಆದರೂ ರಾಡಿಯೇ. ಅವಳ ಕಣ್ಣು ಊದಿಕೊಂಡಿದ್ದವು. ಹತ್ತು ದಿನದಿಂದ ಭೂತಗನ್ನಡಿ ಬಿಟ್ಟಿರಲಿಲ್ಲ. ಹೊನ್ನಿ ಹಾಳೆ ನೋಡಿದಳು, ದೇವೀರಕ್ಕನ ಕಣ್ಣು ನೋಡಿದಳು.

“ಹೋಗ್ಲಿ ಬಿಡಿ ಅಜ್ಜಿ. ಇದೇ ಇರ್ಲಿ,” ಎಂದಳು.

“ಇದೇನಾ ನೀನು ಕಂಡಿದ್ದು?”

“ಇದೇ ಇರ್ಬೋದು. ನಂಗೇ ತಪ್ಪು ನೆನಪಿರ್ಬೇಕು. ನಾನು ಚಿಕ್ಕೋಳಿದ್ದೆ.”

ಅದು ನನಗೆ ತಡೆಯಲಾಗಲಿಲ್ಲ. ಅವಳು ಕೇಳಿದ್ದರೆ, ಅತ್ತಿದ್ದರೆ, ಹಟ ಮಾಡಿದ್ದರೆ ಬಹುಶಃ ತಡೆದುಕೊಳ್ಳುತ್ತಿದ್ದೆ. ಆದರೆ ನನ್ನ ಮಗಳು ತನ್ನ ಕಣ್ಣು ಕಂಡದ್ದನ್ನು ತಾನೇ ಸುಳ್ಳು ಮಾಡಿಕೊಳ್ಳಲು ಹೊರಟಿದ್ದಳು, ಅದೂ ಇಷ್ಟು ಸೌಮ್ಯವಾಗಿ, ನಮ್ಮೆಲ್ಲರ ಅನುಕೂಲಕ್ಕಾಗಿ. ಆ ಸೌಮ್ಯತೆ ಅವಳು ಕಲಿತದ್ದು ನನ್ನಿಂದ.

“ತಪ್ಪು ನೆನಪಲ್ಲ ಕಂದ,” ಎಂದೆ. “ಸರಿಯಾಗೇ ಇದೆ ನಿನ್ನ ನೆನಪು.” ಮೇಜಿನ ಮೇಲಿದ್ದ ಬಿಳಿ ಚಿಂದಿಯೊಂದನ್ನು ತೆಗೆದುಕೊಂಡೆ. “ಅಕ್ಕ, ನಿನ್ನ ಮನೇಲಿ ಅರಿಶಿನ ಎಲ್ಲಿದೆ? ಸೋಪು ಕೊಡು.”

ಪ್ರೆಸ್ಸಿನ ಹಿಂದೆಯೇ ಅವಳ ಅಡುಗೆಮನೆ. ಚಿಂದಿಗೆ ಅರಿಶಿನ ಬಳಿದು ಒದ್ದೆ ಸೋಪು ಎಳೆದು ತೋರಿಸಿದೆ. ದೇವೀರಕ್ಕ ಬಾಗಿ ನೋಡಿದಳು. ಹೊನ್ನಿ ಚಿಂದಿಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

“ಅದೇ,” ಎಂದಳು. “ಇನ್ನೂ ಸ್ವಲ್ಪ ತೆಳು. ಆದ್ರೆ ಅದೇ.”

ದೇವೀರಕ್ಕ ಕುರ್ಚಿಯಲ್ಲಿ ಕೂತು ಹಣೆಗೆ ಕೈಯಿಟ್ಟುಕೊಂಡಳು. “ಅಯ್ಯೋ ನನ್ನ ದಡ್ಡತನವೇ! ಹಳದಿ ಇಳಿಯೋ ಹೊತ್ತಿಗೇ ನೀಲೀನ ಹತ್ತಿಸ್ತಿದ್ದೆ. ಕಿತ್ತಳೆಯಲ್ಲಿರೋ ಹಳದಿ, ರಾಣಿ ಪಿಂಕ್, ಮೇಲಿಂದ ನೀಲಿ, ಮೂರೂ ಒಂದೇ ಕಡೆ ಸಮಸಮ ಸೇರಿದ್ರೆ ಬಣ್ಣ ಸತ್ತೇ ಹೋಗುತ್ತೆ. ಹಳದಿ ಪೂರ್ತಿ ಹೋಗಿಬಿಡ್ಲಿ. ಆಮೇಲೆ ನೀಲಿ ಬರ್ಲಿ. ನಡುವೆ ರಾಣಿ ಒಬ್ಬಳೇ ನಿಂತಿರ್ಲಿ. ಅವಳು ಆ ಕಡೆಗೂ ಬೇಕಾದೋಳು, ಈ ಕಡೆಗೂ ಬೇಕಾದೋಳು.” ಹಾಗೆಂದವಳು ತಲೆಯೆತ್ತಿ ನನ್ನನ್ನು ನೋಡಿದಳು. “ನೀನು ಇದನ್ನ ಯಾವಾಗ ಕಂಡೆ ಚೆನ್ನಾಜಿ?”

“ಮೂರು ದಿನ ಆಯ್ತು ಅಕ್ಕ.”

ಅವಳು ಎದ್ದು ಬಂದು ನನ್ನ ಒದ್ದೆ ಕೈಯನ್ನು ಸೆರಗಿನಿಂದ ಒರೆಸಿದಳು, ಮಕ್ಕಳಿಗೆ ಒರೆಸುವ ಹಾಗೆ, ಒಂದೊಂದೇ ಬೆರಳು. ಆಮೇಲೆ ಯಂತ್ರದ ಕಡೆಗೆ ಹೋದಳು.

ಅಂದು ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ. ಅವರು ಒಂದು ಗಾಜು ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು. “ಪೆಟ್ಟಿಗೇಲಿರೋ ಸೀರೆ ಮೇಲಕ್ಕೆ ತೆಗೆದಿಡು,” ಎಂದರು. ತೆಗೆದಿಟ್ಟೆ.

ಎರಡು ದಿನ ಕಳೆದು, ಯುಗಾದಿಗೆ ಇನ್ನೂ ನಾಲ್ಕು ದಿನ ಇದೆ ಎನ್ನುವಾಗ ದೇವೀರಕ್ಕ ಹೇಳಿಕಳಿಸಿದಳು. ನಾನು ಒಲೆಯ ಮೇಲಿದ್ದ ಬೇಳೆ ಇಳಿಸಿ, ಹೊನ್ನಿಯ ಕೈ ಹಿಡಿದುಕೊಂಡು ಹೋದೆ. ಮರಿಸ್ವಾಮಯ್ಯ ಆಗಲೇ ಅಲ್ಲಿದ್ದ. “ಒಳಗೆ ಬೇಡ, ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆ ಕಾಣುತ್ತೆ,” ಎಂದು ದೇವೀರಕ್ಕ ಹಾಳೆಯನ್ನು ಮಗ್ಗುಲಿಗೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಬಿಸಿಲು ನೇರ ಬೀಳದ ಕಡೆ, ಬಿಳಿ ಗೋಡೆಯ ಮೇಲೆ, ನನ್ನದೇ ಅಂಟಿನಿಂದ ನಾಲ್ಕು ಮೂಲೆ ಅಂಟಿಸಿದಳು. ಹಿಂದೆ ಸರಿದು ಕನ್ನಡಕ ತೆಗೆದು ನಿಂತಳು.

ಅದನ್ನು ಹೇಗೆ ಹೇಳಲಿ? ಕೆಳಗೆ ಕಿತ್ತಳೆ ಉರಿಯುತ್ತಿತ್ತು. ಅದು ಎಲ್ಲಿ ಆರಿತು ಎಂದು ನಾನು ಹುಡುಕಿದೆ, ಸಿಗಲಿಲ್ಲ. ಕಣ್ಣು ಮೇಲಕ್ಕೆ ಹೋದಂತೆ ಗುಲಾಬಿಯೊಳಗೆ ಇದ್ದೆ. ಅದು ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಇನ್ನೂ ಮೇಲಕ್ಕೆ ಹೋದರೆ ನೀಲಿ, ಆಳವಾಗಿ, ಕತ್ತಲೆಯ ಪಕ್ಕದ ಮನೆಯಂಥ ನೀಲಿ. ಎಲ್ಲಿಯೂ ಯಾರೂ ಯಾರನ್ನೂ ತಳ್ಳಿರಲಿಲ್ಲ. ಕತ್ತಲೆ ಹೀಗೂ ಬರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಇಂಥ ಕತ್ತಲೆ ಕಂಡಿದ್ದವಳಿಗೆ ನಮ್ಮೂರಿನ ಕಿಟಕಿ ಹೇಗೆ ಕಂಡಿರಬೇಕು! ‘ಇಷ್ಟು ಬೇಗ?’ ಎಂದು ಅವಳು ಕೇಳಿದ್ದು ಏನನ್ನು ಎಂದು ಐದು ವರ್ಷದ ಮೇಲೆ ನನಗೆ ಅರ್ಥವಾಯಿತು.

ಮರಿಸ್ವಾಮಯ್ಯ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಇಂಥ ಊರಲ್ಲಿ ನನಗೆ ಕೆಲಸ ಇರ್ತಿರಲಿಲ್ಲ ಕಣವ್ವಾ,” ಎಂದ. “ಗಂಟೆ ಯಾಕೆ ಬೇಕು, ಕತ್ತಲೇನೇ ಹೇಳಿಕೊಂಡು ಬರುತ್ತೆ.” ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಗಂಟೆಯ ಹೊತ್ತಾಗುತ್ತಾ ಬಂದಿದ್ದರೂ ಅವನು ಕದಲಲಿಲ್ಲ.

ದೇವೀರಕ್ಕ ಯಾರ ಕಡೆಗೂ ನೋಡುತ್ತಿರಲಿಲ್ಲ. ಹೊನ್ನಿಯನ್ನು ಮಾತ್ರ ನೋಡುತ್ತಿದ್ದಳು, ಪರೀಕ್ಷೆ ಬರೆದ ಹುಡುಗಿ ಮೇಷ್ಟರ ಮುಖ ನೋಡುವ ಹಾಗೆ.

ಹೊನ್ನಿ ಗೋಡೆಯ ಹತ್ತಿರ ಹೋದಳು. ‘ಇದಲ್ಲ’ ಎನ್ನಲಿಲ್ಲ. ‘ಇದೇ’ ಎಂದೂ ಅನ್ನಲಿಲ್ಲ. ಕಿತ್ತಳೆಯಿಂದ ನೀಲಿಯವರೆಗೆ ಒಂದು ಬೆರಳನ್ನು ಕಾಗದಕ್ಕೆ ತಾಗಿಸದೆ ಮೆಲ್ಲಗೆ ಮೇಲಕ್ಕೆ ಒಯ್ದಳು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿದಳು. ಯಾವುದೋ ಒರಗಿಕೊಳ್ಳುವ ಜಾಗವನ್ನು ಹುಡುಕುವ ಹಾಗೆ ಕೆನ್ನೆಯನ್ನು ಗಾಳಿಯಲ್ಲಿ ಸ್ವಲ್ಪ ಕೆಳಗೆ ಇಳಿಸಿದಳು, ಚಿತ್ರದ ಎಡಮೂಲೆಯ ಆ ಕಪ್ಪು ಗುಡ್ಡದ ಮಟ್ಟಕ್ಕೆ. ಹಾಗೇ ನಿಂತಳು. ಅವಳು ಮೂರು ವರ್ಷದವಳಾಗಿ ನಮ್ಮ ಮನೆಗೆ ಬಂದಾಗ ನನ್ನ ಮೈಮೇಲೆ ನಿದ್ದೆ ಹೋಗುತ್ತಿದ್ದುದೂ ಹಾಗೇ.

ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ, ನನ್ನ ಮುಖ ಅವಳ ಮುಖದ ಸಮಕ್ಕೆ ಬರುವಂತೆ. ಜಡೆಯ ತುದಿ ಅವಳ ಬಾಯಲ್ಲಿತ್ತು. ನಾನು ಅದನ್ನು ಮೆಲ್ಲಗೆ ಬಿಡಿಸಿ ಬೆನ್ನ ಮೇಲೆ ಹಾಕಿದೆ. ಐದು ವರ್ಷದಲ್ಲಿ ನಾನಾಗಿ ಅದನ್ನು ತೆಗೆದದ್ದು ಅದೇ ಮೊದಲು.

“ಕೇಳು ಮಗಳೇ,” ಎಂದೆ.

ಅವಳು ಗುಡ್ಡದ ಮೇಲೆ ಕೈಯಿಟ್ಟಳು. ನನ್ನ ಕಡೆಗೆ ತಿರುಗಿದಳು.

“ಅಮ್ಮಾ, ಇದು ಗುಡ್ಡ ಅಲ್ಲ. ನನ್ನನ್ನ ಎತ್ತಿಕೊಂಡಿದ್ದೋರ ಭುಜ,” ಎಂದಳು. “ಯಾರದಮ್ಮ ಅದು?”